ಮನೆಯಲ್ಲಿರುವ ಹೊತ್ತು ನೋಡಿ ಹೂವಿನ ಗಿಡ ಹಾಕಿ

(ಮೈಸೂರಿನ ಬಡಾವಣೆಯೊಂದರ ಕೈತೋಟ ಆಸಕ್ತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಇಂಥ ಸಭೆಗಳಲ್ಲಿ ಮೊದಲು ಬರುವ ಪ್ರಶ್ನೆ ಯಾವಾಗಲೂ ಒಂದೇ. "ಘಮ್ಮೆನ್ನುವ ಹೂವಿನ ಗಿಡ ಹಾಕಬೇಕು, ಯಾವುದು ಹಾಕಲಿ?" ನಾನು ತಿರುಗಿ ಕೇಳುವುದೂ ಒಂದೇ. ನೀವು ಮನೆಯಲ್ಲಿ ಎಷ್ಟು ಹೊತ್ತಿಗೆ ಇರುತ್ತೀರಿ? ಬೆಳಿಗ್ಗೆ ಕಾಫಿ ಹಿಡಿದು ಹೊರಗೆ ಬಂದು ಕೂರುವವರಾ? ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡುವವರಾ? ಈ ಪ್ರಶ್ನೆಗೂ ಹೂವಿನ ಗಿಡಕ್ಕೂ ಏನು ಸಂಬಂಧ ಅಂತ ಕೆಲವರು ನನ್ನ ಮುಖ ನೋಡುತ್ತಾರೆ. ಇವತ್ತಿನ ಮಾತೆಲ್ಲ ಆ ಸಂಬಂಧದ ಮೇಲೆಯೇ.

ಬಣ್ಣದ ಹೂವಿಗೆ ಈ ಲೆಕ್ಕ ಬೇಕಿಲ್ಲ. ದಾಸವಾಳ ಬೆಳಿಗ್ಗೆ ಅರಳಿದರೆ ಸಂಜೆವರೆಗೂ ಕಣ್ಣಿಗೆ ಕಾಣುತ್ತದೆ. ಪರಿಮಳಕ್ಕೆ ಮಾತ್ರ ಹೊತ್ತಿದೆ. ದುಂಡುಮಲ್ಲಿಗೆಯ ಮೊಗ್ಗು ಬಿರಿಯುವುದು ಕತ್ತಲಾಗುವ ಹೊತ್ತಿಗೆ. ಜಾಜಿ ಇನ್ನೂ ತಡ. ಅದು ರಾತ್ರಿಯಲ್ಲಿ ಬಿರಿದು ಬೆಳಗಿನ ಜಾವ ಚೆನ್ನಾಗಿ ಘಮಘಮಿಸುತ್ತದೆ. ರಾತ್ರಿರಾಣಿಯ ಹತ್ತಿರ ಹಗಲಿನಲ್ಲಿ ಹೋಗಿ ಮೂಗಿಟ್ಟು ನೋಡಿ, ಏನೂ ಇಲ್ಲ. ಅದೇ ಗಿಡ ರಾತ್ರಿ ಇಡೀ ಬೀದಿಗೆ ಗೊತ್ತಾಗುತ್ತದೆ. ಪಾರಿಜಾತ ಸಂಜೆ ಅರಳಿ ಬೆಳಗಾಗುವ ಹೊತ್ತಿಗೆ ಉದುರಿ ಮುಗಿದಿರುತ್ತದೆ. ಪನ್ನೀರು ಗುಲಾಬಿಯ ಪರಿಮಳ ಬೇಕಿದ್ದರೆ ಬಿಸಿಲೇರುವ ಮುಂಚೆ ತೋಟಕ್ಕೆ ಇಳಿಯಬೇಕು. ಅತ್ತರಿಗೆಂದು ಗುಲಾಬಿ ಬೆಳೆಯುವವರು ಸೂರ್ಯ ಮೇಲೇರುವ ಮೊದಲೇ ಹೂವು ಬಿಡಿಸಿ ಮುಗಿಸುವುದು ಇದೇ ಕಾರಣಕ್ಕೆ.

ಯಾಕೆ ಹೀಗೆ? ಪರಿಮಳ ತಯಾರಿಸುವುದು ಗಿಡಕ್ಕೆ ಖರ್ಚಿನ ಕೆಲಸ. ಗಿರಾಕಿ ಬರುವ ಹೊತ್ತಿಗೆ ಮಾತ್ರ ಅಂಗಡಿ ತೆರೆಯುತ್ತದೆ. ರಾತ್ರಿ ಹಾರುವ ಪತಂಗಗಳನ್ನು ಕರೆಯುವ ಹೂವಿಗೆ ಹಗಲಿನಲ್ಲಿ ಪರಿಮಳ ಬೀರಿ ಏನು ಪ್ರಯೋಜನ? ಮಲ್ಲಿಗೆ, ಜಾಜಿ, ನಂದಿಬಟ್ಟಲು, ಪಾರಿಜಾತ, ರಾತ್ರಿರಾಣಿ ಎಲ್ಲ ಬೆಳ್ಳಗೆ ಇಲ್ಲವೇ ತಿಳಿ ಬಣ್ಣಕ್ಕೆ ಇರುವುದನ್ನು ಗಮನಿಸಿದ್ದೀರಾ? ಕತ್ತಲಲ್ಲಿ ಕೆಂಪು ಕಾಣುವುದಿಲ್ಲ, ಬಿಳಿ ಕಾಣುತ್ತದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಮಲ್ಲಿಗೆಯನ್ನು ನಾವು ಮೊಗ್ಗಿರುವಾಗಲೇ ಕಿತ್ತು, ಕಟ್ಟಿ, ಸಂಜೆ ಮುಡಿಯುತ್ತೇವಲ್ಲ, ಅದು ಎಂಥ ಜಾಣತನ ನೋಡಿ. ಗಿಡದಿಂದ ಕಿತ್ತ ಮೇಲೂ ಮಲ್ಲಿಗೆ ಮೊಗ್ಗು ತನ್ನ ಹೊತ್ತಿಗೆ ಸರಿಯಾಗಿ ಬಿರಿದು ಪರಿಮಳ ತಯಾರಿಸುತ್ತದೆ. ಚೀನಾದಲ್ಲಿ ಮಲ್ಲಿಗೆ ಚಹಾ ಮಾಡುವವರು ಇದನ್ನೇ ಬಳಸಿಕೊಂಡಿದ್ದಾರೆ. ಫುಝೌ ಎಂಬ ಊರು ಇದಕ್ಕೆ ಹೆಸರುವಾಸಿ. ನಮ್ಮ ದುಂಡುಮಲ್ಲಿಗೆಯ ಜಾತಿಯ ಮೊಗ್ಗನ್ನೇ ಹಗಲು ಬಿಡಿಸಿ ತಂದು, ರಾತ್ರಿ ಚಹಾ ಸೊಪ್ಪಿನ ಜೊತೆ ಬೆರೆಸಿಡುತ್ತಾರೆ. ಮೊಗ್ಗು ಬಿರಿಯುತ್ತಾ ಹೋದಂತೆ ಸೊಪ್ಪು ಪರಿಮಳ ಹೀರಿಕೊಳ್ಳುತ್ತದೆ. ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ಜಾಜಿಯ ಜಾತಿಯ ಹೂವನ್ನು ಹಿಂದೆ ಗಾಜಿನ ಮೇಲೆ ಕೊಬ್ಬು ಸವರಿ ಅದರ ಮೇಲೆ ಹರಡುತ್ತಿದ್ದರು. ಒಂದು ದಿನದ ಹೂವು ತೆಗೆದು ಮತ್ತೆ ಹೊಸ ಹೂವು ಹರಡುವುದು, ಹೀಗೆ ವಾರಗಟ್ಟಲೆ. ಆ ಕೊಬ್ಬಿನಿಂದ ಸುಗಂಧ ತೆಗೆಯುತ್ತಿದ್ದರು. ಇಲ್ಲಿ ಕೆ.ಆರ್. ಮಾರ್ಕೆಟ್ಟಿನಲ್ಲಾಗಲಿ ದೇವರಾಜ ಮಾರುಕಟ್ಟೆಯಲ್ಲಾಗಲಿ ಹೂವು ಮಾರುವ ಅಮ್ಮಂದಿರಿಗೆ ಈ ಸಂಗತಿ ಯಾರೂ ಹೇಳಿಕೊಡಬೇಕಿಲ್ಲ. ಆಗಲೇ ಅರಳಿದ ಮಲ್ಲಿಗೆಯನ್ನು ಅವರು ಕಟ್ಟುವುದೇ ಇಲ್ಲ.

ಮರುಗ, ದವನದ ಕತೆ ಬೇರೆ. ಅವುಗಳ ಪರಿಮಳ ಎಲೆಯೊಳಗೆ ಎಣ್ಣೆಯ ರೂಪದಲ್ಲಿ ಕೂತಿರುತ್ತದೆ. ಕೈ ಸವರಿದರೆ ಯಾವ ಹೊತ್ತಿನಲ್ಲಾದರೂ ಸಿಗುತ್ತದೆ. ಹೊತ್ತಿನ ಲೆಕ್ಕವೇ ಬೇಡ ಅನ್ನುವವರು ಮೆಟ್ಟಿಲ ಪಕ್ಕ ಒಂದು ಕುಂಡದಲ್ಲಿ ಮರುಗ ಇಟ್ಟುಕೊಳ್ಳಿ.

ಹೊತ್ತು ಗೊತ್ತಾಯಿತು. ಮುಂದಿನದು ಜಾಗ. ಗಿಡ ಎಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ನೋಡಿ ಹಾಕುವುದು ನಮ್ಮ ಅಭ್ಯಾಸ. ಪರಿಮಳದ ಗಿಡಕ್ಕೆ ಗಾಳಿ ನೋಡಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಪಾರಿಜಾತ ಮಳೆಗಾಲದ ಕೊನೆಗೆ ಶುರುವಾಗಿ ಚಳಿಗಾಲದವರೆಗೆ ಹೂ ಬಿಡುವ ಗಿಡ. ಅದು ಮನೆಯ ಮೂಡಣಕ್ಕಿದ್ದರೆ ಪರಿಮಳ ನಿಮ್ಮ ಮನೆಗೆ. ಪಡುವಣಕ್ಕಿದ್ದರೆ ಪಕ್ಕದವರ ಮನೆಗೆ. ಆದರೆ ಊರೊಳಗೆ ಅಕ್ಕಪಕ್ಕದ ಕಟ್ಟಡಗಳು ಗಾಳಿಯ ದಾರಿಯನ್ನೇ ತಿರುಗಿಸಿರುತ್ತವೆ. ಅದಕ್ಕೆ ಒಂದು ಸುಲಭ ಉಪಾಯ ಇದೆ. ನೀವು ದಿನಾ ಕೂರುವ ಹೊತ್ತಿಗೆ, ಗಿಡ ಹಾಕಬೇಕೆಂದಿರುವ ಜಾಗದಲ್ಲಿ ಒಂದು ಊದುಬತ್ತಿ ಹಚ್ಚಿಡಿ. ಹೊಗೆ ಯಾವ ಕಡೆ ಹೋಗುತ್ತದೆ ನೋಡಿ. ಬೇರೆ ಬೇರೆ ದಿನ ನೋಡಿದರೆ ಅಂದಾಜು ಸಿಗುತ್ತದೆ. ಆಮೇಲೆ ಗುಂಡಿ ತೆಗೆಯಿರಿ.

ಪರಿಮಳ ನಿಲ್ಲುವುದು ಗಾಳಿ ಅಷ್ಟಾಗಿ ಆಡದ ಕಡೆ. ಕಾಂಪೌಂಡ್ ಗೋಡೆಯ ಮೂಲೆ, ಜಗಲಿಯ ಪಕ್ಕ, ಗೇಟಿನ ಹತ್ತಿರ ಒಳ್ಳೆಯ ಜಾಗ. ಬಿಸಿಲು ಕಾದ ದಿನದ ಸಂಜೆ, ಸ್ವಲ್ಪ ತೇವ ಇರುವ ಗಾಳಿಯಲ್ಲಿ ಪರಿಮಳ ಚೆನ್ನಾಗಿ ನಿಲ್ಲುತ್ತದೆ. ಹತ್ತನೇ ಮಹಡಿಯ ತೆರೆದ ಬಾಲ್ಕನಿಯಲ್ಲಿ ಎಷ್ಟು ಮಲ್ಲಿಗೆ ಅರಳಿದರೂ ನಿಮ್ಮ ಮೂಗಿಗೆ ಬರುವುದು ಕಡಿಮೆ. ಅಲ್ಲಿ ಇರುವವರು ಬಾಲ್ಕನಿಯ ಒಳಮೂಲೆಯಲ್ಲಿ, ಬಾಗಿಲಿನ ಪಕ್ಕಕ್ಕೆ ಕುಂಡ ಇಡಿ. ಸುಮ್ನೆ ಕಂಬಿಗೆ ನೇತು ಹಾಕಬೇಡಿ.

ಈಗ ಮಲ್ಲಿಗೆ. ಈ ಗಿಡಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ. ಯಾಕೆಂದರೆ ನೀವೆಲ್ಲ ದೂರುವುದು ಇದನ್ನೇ.

ಕರ್ನಾಟಕದಲ್ಲಿ ಮೂರು ಮಲ್ಲಿಗೆಗೆ ಜಿಐ, ಅಂದರೆ ಇಂಥ ಊರಿನದೇ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಇದೆ: ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ. ಉಡುಪಿಯದನ್ನು ಶಂಕರಪುರ ಮಲ್ಲಿಗೆ ಅಂತಲೂ ಕರೆಯುತ್ತಾರೆ. ಆ ಕಡೆ ಅದು ಮನೆ ಅಂಗಳದ ಬೆಳೆ. ನಿಮ್ಮ ಹಾಗೆಯೇ ಮನೆ ಸುತ್ತ ಇರುವ ಸ್ವಲ್ಪ ಜಾಗದಲ್ಲಿ ಬೆಳೆದು, ಬೆಳಿಗ್ಗೆ ಮನೆಮಂದಿಯೆಲ್ಲ ಸೇರಿ ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ ಕಟ್ಟೆಗೆ, ಅಂದರೆ ಹೂವು ಕೊಳ್ಳುವ ಜಾಗಕ್ಕೆ ಕಳಿಸುತ್ತಾರೆ. ಅಲ್ಲಿ ಮೊಳದ ಲೆಕ್ಕ ಇಲ್ಲ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಹೂವು ಎಣಿಸಿ ಕಟ್ಟುವ ಜನ ಗಿಡವನ್ನು ಎಷ್ಟು ಹತ್ತಿರದಿಂದ ನೋಡುತ್ತಿರಬೇಕು ಯೋಚಿಸಿ. ಕೊಂಬೆ ಯಾವುದು ಸೋತಿದೆ, ಹುಳು ಎಲ್ಲಿ ಬಿದ್ದಿದೆ ಅನ್ನುವುದು ಅವರಿಗೆ ಬಿಡಿಸುವಾಗಲೇ ಗೊತ್ತಾಗಿರುತ್ತದೆ.

ನರ್ಸರಿಗೆ ಹೋಗಿ "ಮಲ್ಲಿಗೆ ಕೊಡಿ" ಅಂದರೆ ಏನು ಕೊಡುತ್ತಾರೋ ಹೇಳಲಾಗದು. ಬಹಳ ಸಲ ಕೈಗೆ ಬರುವುದು ಕಾಕಡ. ಕಾಕಡ ಒಳ್ಳೆಯ ಗಿಡ, ಗಟ್ಟಿ ಗಿಡ, ಉಳಿದ ಮಲ್ಲಿಗೆಗಳು ಸುಮ್ಮನಿರುವ ಚಳಿಯಲ್ಲೂ ಹೂ ಬಿಡುತ್ತದೆ. ಆದರೆ ಪರಿಮಳ ಇಲ್ಲ ಅಂದರೂ ನಡೆಯುತ್ತದೆ. ಎಳೆ ಕಾಂಡವನ್ನು ಮುಟ್ಟಿ ನೋಡಿ, ಸಣ್ಣ ರೋಮ ದಟ್ಟವಾಗಿ ಕೈಗೆ ಸಿಕ್ಕರೆ ಅದು ಕಾಕಡ ಇರಬಹುದು. ಜಾಜಿಯನ್ನು ಗುರುತಿಸುವುದು ಸುಲಭ. ಒಂದೇ ತೊಟ್ಟಿಗೆ ಹಲವು ಸಣ್ಣ ಎಲೆ ಜೋಡಿಯಾಗಿ ಇರುತ್ತವೆ, ಮೊಗ್ಗಿನ ಹೊರಮೈ ತುಸು ಗುಲಾಬಿ ಬಣ್ಣಕ್ಕೆ. ದುಂಡುಮಲ್ಲಿಗೆಗೆ ಅಗಲವಾದ ಬಿಡಿ ಎಲೆ. ಎಲ್ಲಕ್ಕಿಂತ ಒಳ್ಳೆಯದು, ಹೂವಿರುವಾಗಲೇ ಗಿಡ ಕೊಳ್ಳುವುದು. ಅದೂ ಸಂಜೆ ಹೋಗಿ, ಮೂಸಿ ನೋಡಿ.

"ಗಿಡ ಹಸಿರಾಗಿ ಸೊಂಪಾಗಿ ಬೆಳೆದಿದೆ, ಹೂವು ಮಾತ್ರ ಇಲ್ಲ." ಈ ಮಾತು ಕೇಳಿದ ಕೂಡಲೇ ನಾನು ನೋಡುವುದು ಮೂರು ಸಂಗತಿ. ಬಿಸಿಲು, ಕತ್ತರಿ, ಗೊಬ್ಬರ.

ಬಿಸಿಲಿನ ಮಾತು ಬೇಗ ಮುಗಿಯುತ್ತದೆ. ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಪಕ್ಕದ ಸೈಟಿನಲ್ಲಿ ಮೂರು ಮಹಡಿ ಎದ್ದ ವರ್ಷದಿಂದ ಹೂವು ನಿಂತಿದೆ ಅಂದರೆ ಗಿಡದ ತಪ್ಪಿಲ್ಲ, ನಿಮ್ಮ ತಪ್ಪೂ ಇಲ್ಲ. ಗಿಡವನ್ನು ಕುಂಡಕ್ಕೆ ಬದಲಿಸಿ ತಾರಸಿಗೆ ಒಯ್ಯಿರಿ.

ಕತ್ತರಿಯ ವಿಷಯಕ್ಕೆ ಬಂದರೆ ಎಲ್ಲರ ಕೈ ನಡುಗುತ್ತದೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೆಯ ಕೊಂಬೆ ಎಷ್ಟೇ ಉದ್ದ ಇರಲಿ, ಚಿಗುರು ಒಡೆಯದೆ ಮೊಗ್ಗು ಬರುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಗಿಡವನ್ನು ಗಟ್ಟಿಯಾಗಿ ಸವರಬೇಕು. ದುಂಡುಮಲ್ಲಿಗೆಗೆ ನವೆಂಬರ್ ಕೊನೆ ಸರಿಯಾದ ಸಮಯ. ಜಾಜಿಗೆ ಡಿಸೆಂಬರ್. ಸವರುವ ಮುಂಚೆ ಸ್ವಲ್ಪ ದಿನ ನೀರು ನಿಲ್ಲಿಸಿ ಗಿಡವನ್ನು ಒಣಗಲು ಬಿಡಿ. ಆಮೇಲೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಮೇಲಿನದೆಲ್ಲ ತೆಗೆಯಿರಿ. ಒಣಗಿದ ಕಡ್ಡಿ, ಒಂದಕ್ಕೊಂದು ಉಜ್ಜುವ ಕೊಂಬೆ, ಬುಡದಲ್ಲಿ ಸಣ್ಣಗೆ ಎದ್ದ ಬಡಕಲು ಕವಲು, ಎಲ್ಲ ಹೋಗಲಿ. ಉಳಿದ ಎಲೆಯನ್ನೂ ಕಿತ್ತುಬಿಡಿ. ಬೋಳಾಗಿ ನಿಂತ ಗಿಡ ನೋಡಿ ಮನೆಯವರು ಬೈಯುತ್ತಾರೆ. ಬೈಯಲಿ. ಬುಡ ಕೆದಕಿ ಗೊಬ್ಬರ ಕೊಟ್ಟು ನೀರು ಕಟ್ಟಿದರೆ ಚಿಗುರು ಬರುತ್ತದೆ, ಬೇಸಿಗೆ ಕಾಲಿಡುವಾಗ ಮೊಗ್ಗು. ಆಮೇಲೆ ಒಂದೊಂದು ಸುತ್ತು ಹೂವು ಮುಗಿದಾಗಲೂ ತುದಿಯನ್ನು ಎರಡು ಮೂರು ಇಂಚು ಚಿವುಟುತ್ತಾ ಹೋಗಿ. ಚಿವುಟಿದ ಕಡೆ ಎರಡು ಕವಲು, ಎರಡರಲ್ಲೂ ಮೊಗ್ಗು.

ಕಡಿದ ಕೊಂಬೆ ಬಿಸಾಡಬೇಡಿ ಅಂತ ಹೇಳಲು ಹೊರಟೆ, ಆದರೆ ಆ ಚಳಿಯಲ್ಲಿ ಕಡ್ಡಿ ಬೇರು ಬಿಡುವುದು ನಿಧಾನ. ಸಸಿ ಮಾಡಲು ಮಳೆಗಾಲ ವಾಸಿ. ಪೆನ್ಸಿಲ್ ದಪ್ಪದ, ಮೂರು ನಾಲ್ಕು ಗಿಣ್ಣಿರುವ ಕಡ್ಡಿ ಆರಿಸಿ, ಮರಳು ಬೆರೆತ ಮಣ್ಣಿನಲ್ಲಿ ಓರೆಯಾಗಿ ಊರಿ, ನೆರಳಿನಲ್ಲಿಡಿ. ಅದಕ್ಕಿಂತ ಸುಲಭದ್ದು, ಕೆಳಗಿನ ಕೊಂಬೆಯೊಂದನ್ನು ನೆಲಕ್ಕೆ ಬಗ್ಗಿಸಿ, ನಡುವಿನ ಗಿಣ್ಣನ್ನು ಮಣ್ಣಿನಲ್ಲಿ ಮುಚ್ಚಿ, ಮೇಲೊಂದು ಕಲ್ಲು ಇಡುವುದು. ಬೇರು ಬಂದ ಮೇಲೆ ತಾಯಿಗಿಡದಿಂದ ಕತ್ತರಿಸಿ.

ಗೊಬ್ಬರ. ಹಸುವಿನ ಸಗಣಿ ನೀರನ್ನು ವಾರವಾರ ಹುಯ್ಯುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿದವರ ಗಿಡದಲ್ಲಿ ಎಲೆ ಚೆನ್ನಾಗಿರಬೇಕು, ಅಲ್ವಾ? ಸಾರಜನಕ ಜಾಸ್ತಿಯಾದರೆ ಗಿಡ ಎಲೆ ಬೆಳೆಸುತ್ತದೆ, ಹೂವಿನ ಕಡೆ ತಲೆ ಹಾಕುವುದಿಲ್ಲ. ಮಲ್ಲಿಗೆ ಬೆಳೆಗಾರರಿಗೆ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಹೇಳುವ ಲೆಕ್ಕ ಹೀಗಿದೆ: ಗಿಡಕ್ಕೆ ವರ್ಷಕ್ಕೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್. ಎರಡು ಕಂತಿನಲ್ಲಿ, ಸವರಿದ ಮೇಲೆ ಒಂದು, ಜೂನ್-ಜುಲೈನಲ್ಲಿ ಇನ್ನೊಂದು. ಇದು ಹೊಲದ ಗಿಡದ ಲೆಕ್ಕ, ಕುಂಡಕ್ಕೆ ಇಷ್ಟು ಸುರಿದರೆ ಗಿಡ ಸುಟ್ಟುಹೋಗುತ್ತದೆ. ನೀವು ನೋಡಬೇಕಾದದ್ದು ಪ್ರಮಾಣ. ಸಾರಜನಕ ಒಂದು ಪಾಲಾದರೆ ಉಳಿದೆರಡು ತಲಾ ಎರಡು ಪಾಲು. ಕೊಟ್ಟಿಗೆ ಗೊಬ್ಬರದ ಜೊತೆ ಮೂಳೆಪುಡಿ, ಬೂದಿ ಒಂದಿಷ್ಟು ಸೇರಿಸಿದರೆ ಮನೆತೋಟಕ್ಕೆ ಸಾಕು. ಬೇವಿನ ಹಿಂಡಿ ಒಂದು ಹಿಡಿ ಇರಲಿ. ಬೂದಿ ಮಲ್ಲಿಗೆಗೆ ಮಾತ್ರ. ಮುಂದೆ ಹೇಳುವ ಅನಂತದ ಬುಡಕ್ಕೆ ಅದು ಬೀಳಬಾರದು.

ಹುಳುವಿನ ಮಾತು. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತಿದ್ದರೆ ಎರಡು ಕಾರಣ ಇರಬಹುದು. ಮೊಗ್ಗಿನಲ್ಲಿ ಸಣ್ಣ ತೂತು, ನಾಲ್ಕೈದು ಮೊಗ್ಗು ನೂಲಿನಿಂದ ಅಂಟಿಕೊಂಡಿದ್ದರೆ ಅದು ಮೊಗ್ಗು ಕೊರೆಯುವ ಹುಳು. ಅಂಥ ಗೊಂಚಲನ್ನು ಕಿತ್ತು ಸೋಪಿನ ನೀರಿಗೆ ಹಾಕಿ. ತೂತಿಲ್ಲದೆ ಮೊಗ್ಗಿನ ಬುಡ ಊದಿಕೊಂಡಿದ್ದರೆ ಅದು ಒಂದು ಬಗೆಯ ಸಣ್ಣ ನೊಣದ ಮರಿಯ ಕೆಲಸ. ಆ ಮರಿ ಮೊಗ್ಗಿನಿಂದ ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಆದ್ದರಿಂದ ಉದುರಿದ ಮೊಗ್ಗು ಗುಡಿಸಿ ತೆಗೆಯುವುದು, ಬುಡದ ಮಣ್ಣು ಕೆದಕಿ ಬಿಸಿಲಿಗೆ ಒಡ್ಡುವುದು, ಬೇವಿನ ಹಿಂಡಿ ಬೆರೆಸುವುದು ಮೇಲಿನಿಂದ ಔಷಧಿ ಹೊಡೆಯುವುದಕ್ಕಿಂತ ಒಳ್ಳೆಯದು. ಬೇಸಿಗೆಯಲ್ಲಿ ಎಲೆ ಮೇಲೆ ಮಾಸಲು ಚುಕ್ಕೆ, ಅಡಿಯಲ್ಲಿ ನವಿರಾದ ಬಲೆ ಕಂಡರೆ ನುಸಿ. ಪೈಪು ಹಿಡಿದು ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಬಿಡಿ. ಮುಡಿಯುವ ಹೂವಿಗೆ, ದೇವರಿಗೇರಿಸುವ ಹೂವಿಗೆ ಘಾಟು ಔಷಧಿ ಹೊಡೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಮಲ್ಲಿಗೆ ಸಾಕು. ಈಗ ಅನಂತ. ನರ್ಸರಿಯವರು ಗಾರ್ಡೇನಿಯಾ ಅನ್ನುತ್ತಾರೆ. ಗಾಢ ಹಸಿರು ಹೊಳೆಯುವ ಎಲೆ, ಬೆಣ್ಣೆ ಬಣ್ಣದ ಸುತ್ತು ಹೂವು. ಹಗಲೂ ಪರಿಮಳ, ರಾತ್ರಿ ಇನ್ನೂ ಜಾಸ್ತಿ. ಕರಾವಳಿ, ಮಲೆನಾಡಿನ ಅಂಗಳಗಳಲ್ಲಿ ಅದು ಯಾರ ಆರೈಕೆಯೂ ಇಲ್ಲದೆ ಆಳೆತ್ತರ ನಿಂತಿರುತ್ತದೆ. ಅದೇ ಗಿಡ ಬೆಂಗಳೂರಿಗೆ ಬಂದರೆ ಎಲೆ ಹಳದಿಯಾಗಿ, ಮೊಗ್ಗು ಉದುರಿ, ಒಂದು ವರ್ಷದಲ್ಲಿ ಸೊರಗುತ್ತದೆ. ಯಾಕೆ?

ನೀರು. ಅನಂತಕ್ಕೆ ಹುಳಿ ಮಣ್ಣು ಬೇಕು. ಮಳೆ ತೊಳೆದ ಕರಾವಳಿಯ ಜಂಬಿಟ್ಟಿಗೆ ಮಣ್ಣು ಸಹಜವಾಗಿಯೇ ಹುಳಿ. ನಮ್ಮ ಬೋರ್ ನೀರು ಗಡಸು, ಸುಣ್ಣದ ಅಂಶ ಜಾಸ್ತಿ. ಬಕೆಟ್ಟಿನ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಮಣ್ಣಿಗೂ ಸೇರುತ್ತದೆ. ಮಣ್ಣಿನ ಹುಳಿ ಹೋದರೆ ಅಲ್ಲಿರುವ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ಹೀಗೆ ಕಂಡರೆ ಕಬ್ಬಿಣದ ಕೊರತೆ. ಹಳೆಯ ಎಲೆ ಮೊದಲು ಹಳದಿಯಾದರೆ ಅದು ಸಾರಜನಕದ ಕೊರತೆ ಇರಬಹುದು. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಹಳದಿ ಕಂಡ ಕೂಡಲೇ ಗೊಬ್ಬರ ಸುರಿಯುತ್ತಾರೆ. ಕಬ್ಬಿಣದ ಕೊರತೆಗೆ ಅನ್ನಭೇದಿ (ಫೆರಸ್ ಸಲ್ಫೇಟ್) ತಂದು, ಲೀಟರಿಗೆ 5 ಗ್ರಾಂ ಕರಗಿಸಿ, ಸಂಜೆ ಎಲೆಗೆ ಸಿಂಪಡಿಸಿ. ಟೈಲ್ಸ್ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ, ಆ ತುಕ್ಕಿನ ಕಲೆ ಹೋಗುವುದಿಲ್ಲ.

ಇದು ತಾತ್ಕಾಲಿಕ. ಅನಂತ ಉಳಿಯಬೇಕಾದರೆ ಮಳೆನೀರು ಹಿಡಿದಿಟ್ಟು ಅದಕ್ಕೆ ಮೀಸಲಿಡಿ. ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲೂ ಸುಣ್ಣದ ಅಂಶ ಇರುವುದಿಲ್ಲ. ಮಣ್ಣಿಗೆ ತೆಂಗಿನ ನಾರಿನ ಪುಡಿ, ಕೊಳೆತ ಎಲೆಗೊಬ್ಬರ ಧಾರಾಳವಾಗಿ ಸೇರಿಸಿ. ಹೊಸ ಮನೆ ಕಟ್ಟಿಸಿದವರು ಇನ್ನೊಂದು ಗಮನಿಸಬೇಕು. ಗೋಡೆಯ ಬುಡದ ಮಣ್ಣಿನಲ್ಲಿ ಸಿಮೆಂಟು, ಗಾರೆ ಚೂರು ಬೆರೆತಿರುತ್ತದೆ. ಅಲ್ಲಿ ಅನಂತ ಹಾಕಲೇಬೇಡಿ. ದೊಡ್ಡ ಕುಂಡವೇ ಸುರಕ್ಷಿತ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಅದಕ್ಕೆ ಇಷ್ಟ. ಮೊಗ್ಗು ಮೂಡಿದ ಮೇಲೆ ಕುಂಡವನ್ನು ಅಲ್ಲಿಂದಿಲ್ಲಿಗೆ ತಳ್ಳಬೇಡಿ, ಮಣ್ಣು ಒಣಗಲು ಬಿಡಬೇಡಿ. ಇವೆರಡರಲ್ಲಿ ಯಾವುದಾದರೂ ಮೊಗ್ಗು ಉದುರಿಸುತ್ತದೆ.

ಇಷ್ಟೆಲ್ಲ ಕಷ್ಟ ಬೇಡ ಅನ್ನುವವರಿಗೆ ಸುತ್ತು ಎಸಳಿನ ನಂದಿಬಟ್ಟಲು ಇದೆ. ಅರ್ಧ ನೆರಳಿನಲ್ಲೂ ಬರುತ್ತದೆ, ಬೋರ್ ನೀರಿಗೂ ಅಂಜುವುದಿಲ್ಲ, ಪೂಜೆಗೆ ವರ್ಷವಿಡೀ ಹೂವು. ಒಂದೆಸಳಿನದಕ್ಕೆ ಪರಿಮಳ ಕಡಿಮೆ, ಸುತ್ತಿನದು ರಾತ್ರಿ ಹಿತವಾಗಿ ಘಮಿಸುತ್ತದೆ.

ಕಾಮಿನಿ ಗೊತ್ತಿರಬೇಕು, ಪಾರ್ಕುಗಳಲ್ಲಿ ಬೇಲಿಯಾಗಿ ಕತ್ತರಿಸಿ ನಿಲ್ಲಿಸಿರುತ್ತಾರೆ. ಅದು ಕರಿಬೇವಿನ ಹತ್ತಿರದ ನೆಂಟ. ಮಳೆ ಬಿದ್ದ ಮೇಲೆ ಒಮ್ಮೆಗೇ ಗಿಡದ ತುಂಬ ಹೂವು, ಕಿತ್ತಳೆ ಹೂವಿನಂಥ ಪರಿಮಳ. ಬೇಲಿಯ ಹಾಗೆ ತಿಂಗಳು ತಿಂಗಳು ಕತ್ತರಿಸಿದರೆ ಹೂವು ಕಾಣುವುದಿಲ್ಲ. ಸ್ವಲ್ಪ ಕಾಡಾಗಲು ಬಿಡಬೇಕು. ಮನೆಯಲ್ಲಿ ನಿಂಬೆ, ಕಿತ್ತಳೆ, ಮೂಸಂಬಿ ಇರುವವರು ಮಾತ್ರ ಒಮ್ಮೆ ಯೋಚಿಸಿ. ನಿಂಬೆ ಜಾತಿಗೆ ಹಸಿರು ಕಾಯಿ ರೋಗ ಹರಡುವ ಸಿಲ್ಲಿಡ್ ಎಂಬ ಜಿಗಿಯುವ ಕೀಟಕ್ಕೆ ಕಾಮಿನಿಯ ಎಳೆ ಚಿಗುರು ತುಂಬಾ ಇಷ್ಟ.

ಮನೋರಂಜಿತ ಹಳೆಯ ಮನೆಗಳಲ್ಲಿ ಇತ್ತು, ಈಗ ಅಪರೂಪ. ಅರ್ಧ ಬಳ್ಳಿ, ಅರ್ಧ ಗಿಡ. ಹೂವು ಹಸಿರಾಗಿದ್ದಾಗ ಎಲೆಯ ನಡುವೆ ಕಾಣುವುದೇ ಇಲ್ಲ, ಪರಿಮಳವೂ ಇಲ್ಲ. ಹಳದಿಗೆ ತಿರುಗಿದ ದಿನ ಮಾಗಿದ ಹಣ್ಣಿನ ಬುಟ್ಟಿ ತೆರೆದಿಟ್ಟಂತೆ ಆಗುತ್ತದೆ. ಮಕ್ಕಳನ್ನು ಹೂವು ಹುಡುಕಲು ಬಿಡಿ, ಒಳ್ಳೆಯ ಆಟ. ಜಾಗ ಮಾತ್ರ ಧಾರಾಳ ಬೇಕು.

ಸಂಪಿಗೆಯನ್ನು ಕೇಳುತ್ತೀರೆಂದು ಗೊತ್ತು. ಅದು ಗಿಡವಲ್ಲ, ಮರ. ಮಲ್ಲೇಶ್ವರದಲ್ಲಿ ಒಂದು ರಸ್ತೆಗೇ ಅದರ ಹೆಸರು. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ನಾಲ್ಕಡಿಗೆ ಸಂಪಿಗೆ ಹಾಕುವುದು ಮರಕ್ಕೂ ಕಷ್ಟ, ಗೋಡೆಗೂ ಕಷ್ಟ. ಬೇಕೇ ಬೇಕು ಅಂದರೆ ಕಸಿ ಗಿಡ ತನ್ನಿ. ಬೀಜದ ಸಸಿ ಹೂ ಬಿಡಲು ಹಲವು ವರ್ಷ ಕಾಯಿಸುತ್ತದೆ, ಕಸಿಯದು ಬೇಗ ಬಿಡುತ್ತದೆ. ವರ್ಷ ವರ್ಷ ತಲೆ ಕತ್ತರಿಸಿ ಕೈಗೆ ಎಟಕುವ ಎತ್ತರದಲ್ಲಿ ಇಟ್ಟುಕೊಳ್ಳಬಹುದು.

ಪಾರಿಜಾತ ಹಾಕುವವರು ಹೂವು ಎಲ್ಲಿ ಉದುರುತ್ತದೆ ಎಂದು ನೋಡಿ ಹಾಕಿ. ಗಿಡ ಸತ್ಯಭಾಮೆಯ ಅಂಗಳದಲ್ಲಿ, ಹೂವು ರುಕ್ಮಿಣಿಯ ಅಂಗಳದಲ್ಲಿ ಅನ್ನುವ ಕತೆ ನಿಮಗೆ ಗೊತ್ತು. ಕಾಂಪೌಂಡಿಗೆ ಅಂಟಿಸಿ ಹಾಕಿದರೆ ಪ್ರತಿ ಬೀದಿಯಲ್ಲೂ ಅದೇ ಕತೆ. ಗಿಡದ ಕೆಳಗೆ ಸಿಮೆಂಟು ಬೇಡ, ಹುಲ್ಲೋ ಗುಡಿಸಿದ ಮಣ್ಣೋ ಇರಲಿ. ರಾತ್ರಿ ಒಂದು ಹಳೆಯ ಬಿಳಿ ಪಂಚೆ ಹಾಸಿಟ್ಟರೆ ಬೆಳಿಗ್ಗೆ ಆರಿಸುವ ಕೆಲಸ ಇಲ್ಲ. ಆ ಕಿತ್ತಳೆ ಬಣ್ಣದ ತೊಟ್ಟನ್ನು ಒಣಗಿಸಿ ಹಿಂದೆ ರೇಷ್ಮೆಗೆ ಬಣ್ಣ ಹಾಕುತ್ತಿದ್ದರು. ಒಂದು ಹಿಡಿ ತೊಟ್ಟು ಬಿಸಿನೀರಿಗೆ ಹಾಕಿ ನೋಡಿ, ಕೇಸರಿ ಬಣ್ಣ ಬಿಡುತ್ತದೆ.

ಇನ್ನು ಚೀಟಿಯಲ್ಲಿ ಬಂದ ಪ್ರಶ್ನೆಗಳು. ಮೊದಲನೆಯದೇ ನಾನು ಕಾಯುತ್ತಿದ್ದದ್ದು. "ರಾತ್ರಿರಾಣಿ ಹಾಕಿದರೆ ಹಾವು ಬರುತ್ತದಂತೆ, ಹೌದಾ?"

ಹೂವಿನ ಪರಿಮಳಕ್ಕೆ ಹಾವು ಬರುವುದಿಲ್ಲ. ಹಾವಿಗೆ ಬೇಕಾದದ್ದು ಇಲಿ, ಕಪ್ಪೆ, ಅಡಗುವ ಜಾಗ. ರಾತ್ರಿರಾಣಿ ಸವರದೆ ಬಿಟ್ಟರೆ ನೆಲದವರೆಗೆ ಬಾಗಿ ಪೊದೆಯಾಗುತ್ತದೆ. ಬುಡದಲ್ಲಿ ತರಗೆಲೆ, ತೇವ, ಕಪ್ಪೆ. ಹಾವು ಬಂದರೆ ಆ ಕಪ್ಪೆಗೆ ಬಂದಿರುತ್ತದೆ. ಪ್ರತಿ ಸುತ್ತು ಹೂವು ಮುಗಿದ ಮೇಲೆ ಕತ್ತರಿಸಿ, ಬುಡದಿಂದ ಎರಡಡಿ ಬೋಳಾಗಿಡಿ. ನನಗೆ ಆ ಗಿಡದ ಬಗ್ಗೆ ಇರುವ ಚಿಂತೆ ಬೇರೆ ಎರಡು. ಅದರ ಎಲ್ಲ ಭಾಗವೂ ವಿಷ, ಬಿಳಿ ಮಣಿಯಂಥ ಕಾಯಿ ಮಕ್ಕಳ ಕೈಗೆ ಸಿಗಬಾರದು. ಮಲಗುವ ಕೋಣೆಯ ಕಿಟಕಿಗೆ ಹತ್ತಿರ ಇದ್ದರೆ ಆ ಘಾಟಿಗೆ ಕೆಲವರಿಗೆ ತಲೆನೋವು ಬರುತ್ತದೆ. ಹಿತ್ತಲಿನ ದೂರದ ಮೂಲೆಗೆ ಹಾಕಿ, ಅಲ್ಲಿಂದ ತೇಲಿ ಬಂದಾಗಲೇ ಅದು ಚೆಂದ. ಕಣಗಿಲೆಯೂ ವಿಷದ ಗಿಡವೇ, ಮರೆಯಬೇಡಿ.

"ಕುಂಡ ಎಷ್ಟು ದೊಡ್ಡದಿರಬೇಕು?" ಮಲ್ಲಿಗೆಗೆ 14 ಇಂಚಿಗಿಂತ ಸಣ್ಣದು ಬೇಡ. ತಳದಲ್ಲಿ ತೂತು ಇರಲೇಬೇಕು. ಎರಡು ಮೂರು ವರ್ಷಕ್ಕೊಮ್ಮೆ ಸವರುವ ಸಮಯದಲ್ಲೇ ಗಿಡ ಹೊರತೆಗೆದು, ಸುತ್ತಿಕೊಂಡ ಬೇರು ಸ್ವಲ್ಪ ಕತ್ತರಿಸಿ, ಹೊಸ ಮಣ್ಣು ತುಂಬಿ.

"ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರುತ್ತೇವೆ. ನಮಗೆ ಯಾವುದು?" ನಿಮಗೇ ಇವತ್ತಿನ ಮಾತು. ಗೇಟಿನ ಪಕ್ಕ ಒಂದು ದುಂಡುಮಲ್ಲಿಗೆ, ಕೂರುವ ಜಾಗದ ಹತ್ತಿರ ನಂದಿಬಟ್ಟಲು. ನೀವು ಗೇಟು ತೆಗೆಯುವ ಹೊತ್ತಿಗೆ ಮೊಗ್ಗು ಬಿರಿಯುತ್ತಿರುತ್ತದೆ. ಮಲ್ಲಿಗೆ ಚಳಿಯಲ್ಲಿ ಬಿಡುವುದಿಲ್ಲ, ಆ ತಿಂಗಳುಗಳಿಗೆ ಜಾಗ ಇದ್ದರೆ ಪಾರಿಜಾತ. ಗುಲಾಬಿ, ಸಂಪಿಗೆ ನಿಮಗೆ ಭಾನುವಾರದ ಹೂವು.

ಕೊನೆಯ ಚೀಟಿ. "ಮಗಳು ಅಮೆರಿಕದಲ್ಲಿದ್ದಾಳೆ. ಮಲ್ಲಿಗೆ ಕಡ್ಡಿ ಒಯ್ಯಬಹುದಾ?" ಬೇಡಿ. ಗಿಡ, ಕಡ್ಡಿ, ಮಣ್ಣು ಅಂತ ಅನುಮತಿ ಇಲ್ಲದೆ ಒಯ್ದರೆ ಏರ್‌ಪೋರ್ಟಿನಲ್ಲೇ ಕಸಿದುಕೊಳ್ಳುತ್ತಾರೆ. ದಂಡವೂ ಬೀಳಬಹುದು. ಅಲ್ಲಿನ ನರ್ಸರಿಗಳಲ್ಲೇ ನಮ್ಮ ಮಲ್ಲಿಗೆ ಅರೇಬಿಯನ್ ಜಾಸ್ಮಿನ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಏಳುಸುತ್ತಿನ ಮಲ್ಲಿಗೆಯಂಥದ್ದು ಬೇಕಿದ್ದರೆ ಗ್ರ್ಯಾಂಡ್ ಡ್ಯೂಕ್ ಎಂದು ಕೇಳಲಿ. ಕುಂಡದಲ್ಲೇ ಬೆಳೆಸಿ, ಹಿಮ ಬೀಳುವ ಮುಂಚೆ ಒಳಗೆ ತಂದು, ಬಿಸಿಲು ಜಾಸ್ತಿ ಬೀಳುವ ಕಿಟಕಿಗೆ ಇಡಬೇಕು. ಹೀಟರಿನ ಒಣ ಗಾಳಿಗೆ ನುಸಿ ಬೀಳುತ್ತದೆ, ಆಗಾಗ ಸ್ನಾನದ ಮನೆಯ ಷವರ್ ಕೆಳಗಿಟ್ಟು ಎಲೆ ತೊಳೆಯಲಿ. ನಮ್ಮ ನವೆಂಬರ್ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಚಳಿ ಮುಗಿಯುತ್ತಾ ಬಂದಾಗ, ಮಾರ್ಚ್ ಹೊತ್ತಿಗೆ ಸವರಿ, ರಾತ್ರಿಯ ಹಿಮ ಪೂರ್ತಿ ನಿಂತ ಮೇಲೆ ಕುಂಡ ಹೊರಗಿಡಲಿ.